ಬಾವಿಯ ಕೆಸರಿನಲ್ಲಿ ಸಿಕ್ಕ ಬಿಳಿ ಜೀವಿ ಹೊಸ ಪ್ರಭೇದವೇ ಅಂತ ತಿಳಿಯೋದು ಹೇಗೆ?

ಉಡುಪಿ ಹತ್ತಿರದ ಹಿರಿಯಡ್ಕದ ನಿಮ್ಮ ಮನೆ ಬಾವಿಯ ಕೆಸರು ತೆಗೆಸುವಾಗ ಬಕೆಟ್ಟಿನಲ್ಲಿ ಸಿಗಡಿ ಮರಿಯ ಹಾಗಿರುವ, ಕಣ್ಣಿಲ್ಲದ ಬಿಳಿ ಜೀವಿಗಳು ಕಂಡವು, ಇವು ಹೊಸ ಪ್ರಭೇದ ಇರಬಹುದಾ, ಇದ್ದರೆ ನನ್ನ ಹೆಸರು ಇಡಬಹುದಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ರಜೆ ಸಿಕ್ಕಾಗೆಲ್ಲ ಬಾವಿ ಮತ್ತು ಹೊಳೆ ಮರಳಿನ ಇಂಥ ಜೀವಿಗಳನ್ನೇ ನೋಡುತ್ತಿರುತ್ತೇನೆ. ಹೊಸದು ಖಂಡಿತ ಇರಬಹುದು. ಉಳಿದದ್ದು ಆಮೇಲೆ ಹೇಳುತ್ತೇನೆ, ಮೊದಲು ಒಂದು ವಿನಂತಿ: ಕೆಸರು ತೆಗೆದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ರೂಢಿ ಅಲ್ವಾ? ಇನ್ನೂ ಹಾಕಿಲ್ಲ ಅಂತಾದರೆ ಎರಡು ದಿನ ತಡೆಯಿರಿ. ಅಲ್ಲಿವರೆಗೆ ಕುಡಿಯುವ ನೀರನ್ನು ಸೋಸಿ ಕುದಿಸಿ.

ಯಾವ ಬಳಗದ್ದು ಅಂತ ಬರಿಗಣ್ಣಿಗೇ ಅರ್ಧ ಗೊತ್ತಾಗುತ್ತದೆ. ಬಿಳಿ ತಟ್ಟೆಗಿಂತ ಕಪ್ಪು ತಟ್ಟೆ ಒಳ್ಳೆಯದು. ಸ್ವಲ್ಪ ನೀರು ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ತಡೆದು ತಡೆದು ಜಿಗಿಯುತ್ತಾ ಹೋದರೆ ಸೈಕ್ಲಾಪ್ಸ್ ಇರಬಹುದು. ಅದು ಕೆರೆ ಬಾವಿಗಳಲ್ಲೆಲ್ಲ ಉಂಟು, ಹೆಚ್ಚಿನವಕ್ಕೆ ತಲೆಯ ಮೇಲೆ ಒಂದು ಕಣ್ಣಿನ ಚುಕ್ಕೆಯೂ ಇರುತ್ತದೆ. ಮರುವಾಯಿಯ (ಚಿಪ್ಪುಮೀನಿನ) ಹಾಗೆ ಎರಡು ಚಿಪ್ಪಿನೊಳಗೆ ಅಡಗಿದ್ದರೆ ಆಸ್ಟ್ರಕೋಡ್. ಬೆನ್ನು ಬಾಗಿಸಿಕೊಂಡು ಮಗ್ಗುಲಾಗಿ ಸರಿದಾಡಿದರೆ ಆಂಫಿಪೋಡ್. ನೀವು ಹೇಳಿದ್ದು ಇದೇ ಇರಬೇಕು ಅನಿಸುತ್ತದೆ. ಇನ್ನೊಂದು ಉಂಟು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತಲೆಯಿಂದ ಬಾಲದವರೆಗೆ ಒಂದೇ ಅಗಲ, ಉದ್ದ ಒಂದು ಮಿಲಿಮೀಟರಿನ ಆಸುಪಾಸು, ಬಿಳಿ ನೂಲಿನ ಚೂರು ಬಿದ್ದ ಹಾಗೆ ಕಾಣುತ್ತದೆ. ಬ್ಯಾಥಿನೆಲ್ಲಾ ಬಳಗ ಅಂತ ಹೇಳುತ್ತಾರೆ. ಈ ಬಳಗ ಮೊದಲು ಲೋಕಕ್ಕೆ ಗೊತ್ತಾದದ್ದೂ ಬಾವಿಯಿಂದಲೇ. ಪ್ರಾಗ್ ನಗರದ ಒಂದು ಬಾವಿಯಲ್ಲಿ ಸಿಕ್ಕಿದ್ದನ್ನು 1882ರಲ್ಲಿ ವೆಯ್ಡೊವ್ಸ್ಕಿ ಎಂಬ ವಿಜ್ಞಾನಿ ವಿವರಿಸಿದರು.

ನಮ್ಮ ಕರಾವಳಿಯಲ್ಲಿ ಇವು ಯಾಕೆ ಇರಬೇಕು ಅಂತ ಕೇಳಿದರೆ, ನಿಮ್ಮ ಬಾವಿಯ ಗೋಡೆಯನ್ನೇ ನೋಡಿ. ಮೇಲೆ ಮುರಕಲ್ಲು (ಕೆಂಪುಕಲ್ಲು), ಅದರ ಕೆಳಗೆ ಶೇಡಿ ಎಂಬ ಜೇಡಿಮಣ್ಣು. ಮುರಕಲ್ಲಿನ ತುಂಬ ತೂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಮಳೆಯಲ್ಲಿ ಒಂದು ಪಾಲು ಆ ತೂತುಗಳಲ್ಲಿ ಇಳಿದು, ಶೇಡಿಯ ಹತ್ತಿರ ನಿಧಾನವಾಗಿ, ಒರತೆಯಾಗಿ ಬಾವಿಗೆ ಬರುತ್ತದೆ. ಆ ತೂತುಗಳೇ ಇವುಗಳ ಮನೆ. ಬಾವಿ ನಮಗೆ ಸಿಕ್ಕ ಕಿಟಕಿ ಅಷ್ಟೆ. ಕತ್ತಲಲ್ಲೇ ಬದುಕುವ ಜೀವಿಗೆ ಕಣ್ಣೂ ಬೇಡ, ಬಣ್ಣವೂ ಬೇಡ.

ಇವು ಊರು ಬಿಟ್ಟು ಊರಿಗೆ ಹೋಗಲಾರವು. ಸಮುದ್ರ ದಾಟುವುದು ದೂರದ ಮಾತು. ಹಾಗಾಗಿ ಒಂದು ಹೊಳೆಯ ಮರಳಿನಲ್ಲಿ ಇರುವ ಪ್ರಭೇದ ಪಕ್ಕದ ಹೊಳೆಯಲ್ಲಿ ಇಲ್ಲದೆಯೂ ಇರಬಹುದು. ಗುಂಟೂರಿನ ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ವೈ. ರಂಗಾರೆಡ್ಡಿ ಅವರು ಆಂಧ್ರದ ಬೋರ್‌ವೆಲ್, ನದಿ ಮರಳುಗಳನ್ನು ಸೋಸಿ ಇಂಥ ಎಷ್ಟೋ ಹೊಸ ಪ್ರಭೇದಗಳನ್ನು ವಿವರಿಸಿದ್ದಾರೆ. ಅದರಲ್ಲಿ ಬ್ಯಾಥಿನೆಲ್ಲಾ ಬಳಗದ ಹಾಬ್ರೊಬ್ಯಾಥಿನೆಲ್ಲಾ ಅಂತ ಒಂದು ಕುಲ (ಹತ್ತಿರದ ಪ್ರಭೇದಗಳ ಗುಂಪು) ಉಂಟು. ಅದರ ಸಂಬಂಧಿಕರು ಮಡಗಾಸ್ಕರ್‌ನಲ್ಲಿ ಇದ್ದಾರೆ! ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳನ್ನು ನೀವು ನೋಡಿರುತ್ತೀರಿ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ, ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ, ಉಕ್ಕಿ ಬಂದ ಲಾವಾ ಅದು. ನೆಲ ಎರಡಾದಾಗ ನೆಲದೊಳಗಿನ ಜೀವಿಗಳೂ ಎರಡು ಕಡೆ ಉಳಿದವು ಅಂತಲೇ ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆ ದ್ವೀಪಕ್ಕೆ ಹೋದಾಗೆಲ್ಲ ನನಗೆ ಈ ನೂಲಿನ ಚೂರೇ ನೆನಪಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಿಗುವುದು ಸುಲಭ. "ಇದುವರೆಗೆ ಹೆಸರಿಟ್ಟ ಯಾವುದೂ ಇದಲ್ಲ" ಅಂತ ಹೇಳುವುದು ಕಷ್ಟ. ಅದಕ್ಕೆ ಜೀವಿಯನ್ನು ಬಿಡಿಸಬೇಕು. ಗಾಜಿನ ಮೇಲೆ ಗ್ಲಿಸರಿನ್‌ನ ಒಂದು ಹನಿ, ಅದರಲ್ಲಿ ಒಂದು ಮಿಲಿಮೀಟರಿನ ದೇಹ. ಫ್ಯಾನ್ ಆರಿಸುತ್ತೇನೆ, ಮೇ ತಿಂಗಳ ಸೆಕೆ ಇದ್ದರೂ. ಕಡ್ಡಿಗೆ ಅಂಟಿಸಿದ ಕಣ್ಣಿನ ರೆಪ್ಪೆಯ ಒಂದು ಕೂದಲಿನಿಂದ ದೇಹವನ್ನು ಒತ್ತಿ ಹಿಡಿದು, ಚೂಪು ಮಾಡಿದ ಟಂಗ್‌ಸ್ಟನ್ ಸೂಜಿಯಿಂದ ಒಂದೊಂದೇ ಕಾಲು ಬೇರೆ ಮಾಡಬೇಕು. ಮೀಸೆಯಲ್ಲಿ ಎಷ್ಟು ಗೆಣ್ಣು, ದವಡೆಯಲ್ಲಿ ಎಷ್ಟು ಹಲ್ಲು, ಬಾಲದ ಕವಲಿನಲ್ಲಿ ಎಷ್ಟು ಮುಳ್ಳು, ಎಲ್ಲ ಎಣಿಸಿ ಚಿತ್ರ ಬರೆಯಬೇಕು. ಬ್ಯಾಥಿನೆಲ್ಲಾ ಬಳಗದಲ್ಲಿ ಗಂಡಿನ ಎಂಟನೆಯ ಕಾಲು ತುಂಬ ಮುಖ್ಯ. ಅದು ಕಾಲಿನ ಹಾಗೆ ಕಾಣುವುದೂ ಇಲ್ಲ, ಒಂದು ಮೊಟಕು ಗಂಟು ಅಷ್ಟೆ. ಆದರೆ ಎಷ್ಟೋ ಪ್ರಭೇದಗಳ ಗುರುತು ಇರುವುದೇ ಆ ಗಂಟಿನ ಆಕಾರದಲ್ಲಿ. ಆಮೇಲೆ ಆ ಕುಲದ ಹಳೆಯ ವಿವರಣೆಗಳನ್ನೆಲ್ಲ ಪಕ್ಕದಲ್ಲಿಟ್ಟು ಹೋಲಿಸಬೇಕು. ಕಣ್ಣಿಗೆ ಒಂದೇ ಥರ ಕಂಡದ್ದು ಡಿಎನ್‌ಎಯಲ್ಲಿ ಎರಡು ಪ್ರಭೇದ ಆಗಿರುವುದೂ ಉಂಟು.

ಹೊಸದು ಅಂತ ಖಾತ್ರಿಯಾದರೆ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮೂಲ ಮಾದರಿ, ಅಂತ ಆರಿಸಿ, ವಿವರಣೆಯನ್ನು ಪ್ರಕಟಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ಕೊಡಲೇಬೇಕು. ಹೆಸರಿನ ವಿಷಯ ಕೇಳಿದಿರಲ್ಲ, ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದು ಅಂತ ನಿಯಮ ಇಲ್ಲ, ಆದರೆ ಅದು ಮರ್ಯಾದೆ ಅಲ್ಲ ಅಂತ ಎಲ್ಲರ ಭಾವನೆ. ವಿವರಿಸಿದವರು ಹುಡುಕಿಕೊಟ್ಟವರ ಹೆಸರು ಇಡಬಹುದು, ಎಷ್ಟೋ ಸಲ ಇಡುತ್ತಾರೆ. ಕೇರಳದಲ್ಲಿ ಮನೆಬಾವಿಗಳಲ್ಲಿ ಸಿಕ್ಕ ಕುರುಡು ಮೀನುಗಳನ್ನು ಜನರೇ ತಂದುಕೊಟ್ಟರು. ಅದರಲ್ಲಿ ಒಂದಕ್ಕೆ 2023ರಲ್ಲಿ ಹೊರಾಗ್ಲಾನಿಸ್ ಪಾಪ್ಯುಲಿ ಅಂತ ಹೆಸರಿಟ್ಟರು. ಪಾಪ್ಯುಲಿ ಅಂದರೆ "ಜನರ".

ನೀವು ಮಾಡಬೇಕಾದ್ದು ಇಷ್ಟು. ಮೋಟಾರಿನ ನೀರು ಬೇಡ, ಅದರ ಚಕ್ರಕ್ಕೆ ಸಿಕ್ಕಿ ಕಾಲುಗಳೆಲ್ಲ ಮುರಿಯುತ್ತವೆ. ಹಗ್ಗದ ಬಕೆಟ್ಟನ್ನು ತಳ ಮುಟ್ಟಿಸಿ, ನಾಲ್ಕು ಸಲ ಎತ್ತಿ ಇಳಿಸಿ, ಕದಡಿದ ನೀರನ್ನು ಸಣ್ಣ ನೇಯ್ಗೆಯ ಪಂಚೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿದದ್ದನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಊರು, ಬಾವಿ, ಆಳ, ತಾರೀಕು ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಬೇಕು, ಬರೆಯುವುದು ಪೆನ್ಸಿಲ್‌ನಲ್ಲೇ. ಒಮ್ಮೆ ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ವಾರದಲ್ಲಿ ಶಾಯಿ ಸ್ಪಿರಿಟ್‌ಗೆ ಬಿಟ್ಟುಕೊಂಡಿತು. ಒಳಗೆ ಒಳ್ಳೆಯ ಆಂಫಿಪೋಡ್ ಇತ್ತು, ಯಾವ ಬಾವಿಯದ್ದು ಅಂತ ಗೊತ್ತಿಲ್ಲದೆ ಅದು ಯಾವ ಕೆಲಸಕ್ಕೂ ಬರಲಿಲ್ಲ. ಅದು ಇವತ್ತಿಗೂ ನನಗೆ ಬೇಸರ.

ನಿಮ್ಮಲ್ಲಿ ಇಷ್ಟು ಕೇಳಿಕೊಳ್ಳುವುದಕ್ಕೆ ಕಾರಣ ಉಂಟು. ಸ್ವರ್ಣಾ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಒಸರಿದ ನೀರು ಸೋಸಿದಾಗ ನನಗೆ ಒಂದು ಬಗೆಯ ಬ್ಯಾಥಿನೆಲ್ಲಾ ಸಿಕ್ಕಿದೆ. ಓದಿದ ಯಾವ ವಿವರಣೆಗೂ ಅದು ಹೊಂದುತ್ತಿಲ್ಲ. ಆದರೆ ನನ್ನಲ್ಲಿರುವುದು ಎರಡೇ ಮಾದರಿ, ಎರಡೂ ಹೆಣ್ಣು. ಮೂರು ವರ್ಷದಿಂದ ನೀರು ಇಳಿದಾಗೆಲ್ಲ ಅದೇ ಜಾಗಕ್ಕೆ ಹೋಗುತ್ತಿದ್ದೇನೆ, ಗಂಡು ಸಿಕ್ಕಿಲ್ಲ. ನಿಮ್ಮ ಬಾವಿ ಆ ಹೊಳೆಯಿಂದ ಅಷ್ಟೇನೂ ದೂರ ಇಲ್ಲ. ಬಟ್ಟೆಯಲ್ಲಿ ಬಿಳಿ ನೂಲಿನ ಚೂರಿನ ಹಾಗಿರುವುದು ಕಂಡರೆ ದಯವಿಟ್ಟು ಬಿಸಾಡಬೇಡಿ, ಇಲ್ಲೇ ಕೆಳಗೆ ಬರೆಯಿರಿ. ನಾನು ಬಂದು ನೋಡುತ್ತೇನೆ.