ದುಬೈ ಪೊಲೀಸರು ಕುಂಬಳೆಗೆ ಬರುತ್ತಾರೆಯೇ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಬಂದಿದೆ. ಅದರಲ್ಲಿ ಒಂದು ಸಿಟ್ಟು, ಒಂದು ಹೆದರಿಕೆ, ಒಂದು ಸಣ್ಣ ಪ್ರಶ್ನೆ ಇದೆ. ಬ್ಯಾಂಕಿಗೆ ಕೈಕೊಟ್ಟು ಲಂಡನ್ನಿಗೆ ಓಡಿದವರನ್ನು ಎಳೆದು ತರಲು ಇಷ್ಟೆಲ್ಲ ಕೋರ್ಟು, ಅಪೀಲು ಯಾಕೆ ಎಂಬುದು ಸಿಟ್ಟು. ತಂಗಿಯ ಮಗ ದುಬೈಯಲ್ಲಿ ಕೆಲಸ ಕಳೆದುಕೊಂಡು, ಲೋನ್ ಬಾಕಿ ಬಿಟ್ಟು ಊರಿಗೆ ಬಂದಿದ್ದಾನೆ. ಯಾರೋ ಫೋನ್ ಮಾಡಿ ‘ಇಂಟರ್‌ಪೋಲ್ ನೋಟಿಸ್ ಆಗಿದೆ, ದುಬೈ ಪೊಲೀಸರು ಬಂದು ಕರ್ಕೊಂಡು ಹೋಗ್ತಾರೆ’ ಎನ್ನುತ್ತಿದ್ದಾರಂತೆ. ಇದು ಹೆದರಿಕೆ. ಮಂಗಳೂರು ಪೊಲೀಸರು ತಲಪಾಡಿ ದಾಟಿ ಬಂದು ಹಿಡಿಯಬಹುದಾ ಎಂಬುದು ಕೊನೆಯ ಪ್ರಶ್ನೆ.

ಮಾಸ್ಟ್ರೇ, ಹೆದರಿಕೆಯಿಂದಲೇ ಶುರು ಮಾಡೋಣ. ದುಬೈ ಪೊಲೀಸರು ಕುಂಬಳೆಗೆ ಬಂದು ಯಾರನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಆರೋಪಿಯನ್ನು ಬೇರೆ ದೇಶಕ್ಕೆ ಒಪ್ಪಿಸಲು ನಮ್ಮಲ್ಲಿ 1962ರ ಹಸ್ತಾಂತರ ಕಾಯ್ದೆ ಇದೆ. ಆ ದೇಶ ಮೊದಲು ನಮ್ಮ ಕೇಂದ್ರ ಸರ್ಕಾರವನ್ನು ಕೇಳಬೇಕು. ಸರ್ಕಾರ ಒಬ್ಬ ಮ್ಯಾಜಿಸ್ಟ್ರೇಟರಿಗೆ ವಿಚಾರಣೆ ಒಪ್ಪಿಸುತ್ತದೆ. ಮೇಲ್ನೋಟಕ್ಕಾದರೂ ಕೇಸಿನಲ್ಲಿ ಹುರುಳಿದೆಯೇ ಎಂದು ಅವರು ನೋಡುತ್ತಾರೆ. ಆರೋಪಿಯೂ ತನ್ನ ಸಾಕ್ಷ್ಯ ಕೊಡಬಹುದು. ಹುರುಳಿಲ್ಲ ಎಂದು ಕಂಡರೆ ಅಲ್ಲೇ ಬಿಡುಗಡೆ. ತುರ್ತು ಎಂದು ಮೊದಲೇ ಹಿಡಿದರೂ 60 ದಿನದೊಳಗೆ ಹಸ್ತಾಂತರದ ಕೋರಿಕೆ ಬಾರದಿದ್ದರೆ ಬಿಡಲೇಬೇಕು. ಆರೋಪಿಯನ್ನು ಹುಡುಕಿಕೊಡಿ ಎಂದು ಇಂಟರ್‌ಪೋಲ್ ಹೊರಡಿಸುವ ರೆಡ್ ನೋಟಿಸ್ ಒಂದರಿಂದಲೇ ಇಲ್ಲಿ ಯಾರನ್ನೂ ಬಂಧಿಸಲಾಗದು.

ನಿಮ್ಮ ಅಳಿಯನಿಗೆ ಇನ್ನೊಂದು ಅನುಕೂಲವೂ ಇದೆ. ಯುಎಇ ಜೊತೆ 1999ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಎರಡೂ ದೇಶಗಳು ತಮ್ಮ ಪ್ರಜೆಯನ್ನು ಇನ್ನೊಂದು ದೇಶಕ್ಕೆ ಒಪ್ಪಿಸುವುದಿಲ್ಲ. ಹಾಗಂತ ಕೇಸು ಬಿಟ್ಟುಹೋಗುವುದಿಲ್ಲ. ಕೃತ್ಯ ಎರಡೂ ಕಡೆ ಅಪರಾಧವಾಗಿದ್ದರೆ ವಿಚಾರಣೆಗಾಗಿ ಇಲ್ಲಿನ ಅಧಿಕಾರಿಗಳಿಗೇ ಒಪ್ಪಿಸಬೇಕು. ಎಲ್ಲ ದೇಶಗಳ ಜೊತೆ ಹೀಗಿಲ್ಲ. ಅಮೆರಿಕ ಜೊತೆಗಿನ 1997ರ ಒಪ್ಪಂದದಲ್ಲಿ ‘ನಮ್ಮ ಪ್ರಜೆ’ ಎಂಬ ಕಾರಣಕ್ಕೆ ಕಳಿಸದೆ ಇರುವಂತಿಲ್ಲ. ಯುಎಇಯಲ್ಲೇ 2022ರ ಜನವರಿಯಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾಗುವುದು ಬಹುಪಾಲು ಕ್ರಿಮಿನಲ್ ಕೇಸಲ್ಲ. ಬೇಕೆಂದೇ ಮೋಸ ಮಾಡಿದ್ದರೆ ಮಾತ್ರ ಅದು ಬೇರೆ ಮಾತು.

ಆದರೆ ಸಿವಿಲ್ ಕೇಸನ್ನು ಅಳಿಯ ಹಗುರವಾಗಿ ನೋಡಬಾರದು. ನಿಜವಾಗಿ ಮನೆ ಬಾಗಿಲಿಗೆ ಬರುವುದು ಅದು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಯುಎಇ ಕೋರ್ಟಿನ ಹಣದ ಡಿಕ್ರಿಯನ್ನು, ಅಂದರೆ ಇಷ್ಟು ಹಣ ಕೊಡಬೇಕು ಎಂಬ ಆದೇಶವನ್ನು, ಈಗ ನೇರವಾಗಿ ನಮ್ಮ ಜಿಲ್ಲಾ ಕೋರ್ಟಿನಲ್ಲಿ, ಅಂದರೆ ವಿದ್ಯಾನಗರದಲ್ಲೇ, ಜಾರಿಗೆ ಹಾಕಬಹುದು. ಆಸ್ತಿ ಜಪ್ತಿಗೂ ಹೋಗಬಹುದು. ಅಲ್ಲೂ ತಕರಾರು ಹೇಳಲು ದಾರಿ ಇದೆ. ನನ್ನ ಮಾತು ಕೇಳದೆ ತೀರ್ಪು ಕೊಟ್ಟರು, ಮೋಸದಿಂದ ಡಿಕ್ರಿ ಪಡೆದರು ಎಂದು ತೋರಿಸಿದರೆ ಅದು ಇಲ್ಲಿ ನಡೆಯುವುದಿಲ್ಲ. ಇದೆಲ್ಲ ತೋರಿಸಲು ಕಾಗದ ಬೇಕು. ಸಂಬಳದ ಚೀಟಿ, ಕೆಲಸದಿಂದ ತೆಗೆದ ಪತ್ರ, ಬ್ಯಾಂಕಿಗೆ ಬರೆದ ಇಮೇಲ್, ಎಲ್ಲ ಜೋಪಾನ ಮಾಡಲಿ. ದುಬೈಯಿಂದ ಸಮನ್ಸ್ ಬಂದರೆ ‘ಅಲ್ಲಿಯದ್ದು ತಾನೇ’ ಎಂದು ಬಿಸಾಡುವುದು ಬೇಡ. ಕೈಯಲ್ಲಿ ನಿಜಕ್ಕೂ ಕಾಸಿಲ್ಲದವನನ್ನು ಸಾಲ ತೀರಿಸಲಿಲ್ಲ ಎಂದಷ್ಟಕ್ಕೇ ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಆ ತೀರ್ಪು ಬರೆದವರು ಒಂದು ಕಾಲದಲ್ಲಿ ತಲಶ್ಶೇರಿಯಲ್ಲಿ ವಕೀಲರಾಗಿದ್ದ ವಿ.ಆರ್. ಕೃಷ್ಣ ಅಯ್ಯರ್.

ಇನ್ನು ಸಿಟ್ಟು. ಅದು ನನಗೂ ಇದೆ. ವಿಜಯ್ ಮಲ್ಯರನ್ನು ಕಳಿಸಬಹುದು ಎಂದು ಲಂಡನ್ನಿನ ಕೋರ್ಟ್ 2018ರ ಡಿಸೆಂಬರಿನಲ್ಲಿ ಹೇಳಿತು. 2020ರ ಏಪ್ರಿಲಿನಲ್ಲಿ ಅಲ್ಲಿನ ಹೈಕೋರ್ಟ್ ಅಪೀಲು ತಳ್ಳಿಹಾಕಿತು. ಇದೆಲ್ಲಕ್ಕೂ ಮುಂಚೆ ಲಂಡನ್ನಿನ ನ್ಯಾಯಾಧೀಶರು ಮಲ್ಯರನ್ನು ಇಡಬೇಕೆಂದಿದ್ದ ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೋ ಕೇಳಿದ್ದರು. ಇಲ್ಲಿ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಜೈಲಿನಲ್ಲಿ ಹೆಸರಿಲ್ಲದ ಬಡವರೂ ಇದ್ದಾರೆ. ಅವರ ಕೋಣೆಗೆ ಬೆಳಕು ಬರುತ್ತಾ ಎಂದು ಯಾರು ಕೇಳಿದ್ದಾರೆ? 2025ರ ಫೆಬ್ರವರಿಯಲ್ಲಿ ತೆರಿಗೆ ವಂಚನೆಯ ಆರೋಪ ಹೊತ್ತ ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯನ್ನು ಕಳಿಸಲು ಲಂಡನ್ ಹೈಕೋರ್ಟ್ ಒಪ್ಪಲಿಲ್ಲ. ತಿಹಾರಿನಲ್ಲಿ ಹಣಕ್ಕಾಗಿ ಹಿಂಸೆ ಆಗುವ ಅಪಾಯ ಇದೆ ಎಂಬುದು ಒಂದು ಕಾರಣ. ನಮ್ಮ ಜೈಲು ಸರಿಮಾಡಿಕೊಂಡರೆ ಓಡಿಹೋದವರ ದೊಡ್ಡ ನೆವವೇ ಹೋಗುತ್ತದೆ, ಅಲ್ವಾ?

ಮಾತು ಕೊಟ್ಟರೆ ಉಳಿಸಿಕೊಳ್ಳಲೂಬೇಕು. 1993ರ ಮುಂಬೈ ಸ್ಫೋಟದ ಕೇಸಿನ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ಒಪ್ಪಿಸಿತು. ಗಲ್ಲು ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲಿಲ್ಲ ಎಂದು ನಮ್ಮ ಸರ್ಕಾರ ಮೊದಲೇ ಭರವಸೆ ಕೊಟ್ಟಿತ್ತು. ಅದನ್ನು ಪಾಲಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂಬೈ ಸ್ಫೋಟದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಇದು ನುಂಗಲಾರದ ತುತ್ತು. ಆದರೆ ಇಂದು ಮಾತು ತಪ್ಪಿದರೆ ನಾಳೆ ಯಾವ ದೇಶವೂ ನಮಗೆ ಒಬ್ಬನನ್ನೂ ಕೊಡುವುದಿಲ್ಲ. ಮಲ್ಯರಿಗೆ ವಿಚಾರಣೆ ಬೇಡ ಎಂದರೆ, ನಿಮ್ಮ ಅಳಿಯನಿಗೆ ಬೇಕು ಎಂದು ಯಾವ ಬಾಯಲ್ಲಿ ಕೇಳುವುದು?

ಕೊನೆಗೆ ತಲಪಾಡಿ. ಅದು ರಾಜ್ಯದ ಗಡಿ, ದೇಶದ್ದಲ್ಲ. ಹಸ್ತಾಂತರದ ಮಾತೇ ಬರುವುದಿಲ್ಲ. ಮಂಗಳೂರು ಪೊಲೀಸರು ಬಂದು ಹಿಡಿಯಬಹುದು. ಆದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಎಫ್‌ಐಆರ್ ಕರ್ನಾಟಕದಲ್ಲಿದ್ದರೂ ಸ್ವಲ್ಪ ದಿನದ ಮಟ್ಟಿಗೆ ನಿರೀಕ್ಷಣಾ ಜಾಮೀನನ್ನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನನ್ನು, ಇಲ್ಲಿನ ಕೋರ್ಟಿನಲ್ಲೇ ಕೇಳಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಇನ್ನು ನಮ್ಮ ಊರಿಗೆ ಜಾಸ್ತಿ ಬೇಕಾದ ಮಾತು: ಬಂಧನದ ಕಾರಣವನ್ನು ಆರೋಪಿಗೆ ಗೊತ್ತಿರುವ ಭಾಷೆಯಲ್ಲೇ ಬರೆದು ಕೊಡಬೇಕು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಲಯಾಳ ಓದಲು ಬಾರದವರು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಕೊಡುವ ತನಕ ಸುಮ್ನೆ ಸಹಿ ಹಾಕುವುದು ಬೇಡ.