ರೇಡಿಯೇಷನ್ ಮುಗಿದು ಎರಡು ವರ್ಷವಾದ ಮೇಲೆ ಬಾಯಿ ಬಿಗಿಯುತ್ತಿದೆ, ಸುಸ್ತು ಹೋಗುತ್ತಿಲ್ಲ. ಇದು ನನ್ನ ಭ್ರಮೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದು ಎರಡು ವರ್ಷವಾಗಿದೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆದರೂ ಬಾಯಿ ಒಣಗುತ್ತದೆ, ದವಡೆ ಬಿಗಿಯುತ್ತದೆ, ಕುತ್ತಿಗೆ ಸಲೀಸಾಗಿ ತಿರುಗುವುದಿಲ್ಲ, ಎದ್ದಾಗಿನಿಂದ ಮಲಗುವವರೆಗೆ ಸುಸ್ತು. ಮನೆಯವರು "ವಾಸಿ ಆಯ್ತಲ್ಲ, ಇನ್ನೇನು" ಅನ್ನುತ್ತಾರೆ ಎಂದು ಬರೆದಿದ್ದೀರಿ.

ಭ್ರಮೆ ಅಲ್ಲ. ನನಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇತ್ತು. ವಾರಕ್ಕೆ ಐದು ದಿನದಂತೆ ಏಳು ವಾರ, 35 ಸಲ ರೇಡಿಯೇಷನ್ ಕೊಟ್ಟರು, ಒಟ್ಟು 70 ಗ್ರೇ (ರೇಡಿಯೇಷನ್ ಪ್ರಮಾಣವನ್ನು ಅಳೆಯುವ ಮಾನ). ಈಗ ಆರು ವರ್ಷವಾಯಿತು. ಆಗಿನ ಹುಣ್ಣು, ಉರಿ ಎಲ್ಲ ಎರಡು ಮೂರು ತಿಂಗಳಲ್ಲಿ ವಾಸಿಯಾಯಿತು. ಇನ್ನು ಆರಾಮ ಅಂದುಕೊಂಡೆ. ಒಂದೂವರೆ ವರ್ಷದ ಹೊತ್ತಿಗೆ ಒಂದೊಂದೇ ತೊಂದರೆ ಶುರುವಾಯಿತು.

ಇಷ್ಟು ತಡವಾಗಿ ಯಾಕೆ ಅಂತ ನಾನೂ ಡಾಕ್ಟರನ್ನು ಕೇಳಿದೆ. ಬಾಯಿಯ ಒಳಚರ್ಮದಂಥ ಬೇಗ ಬೆಳೆಯುವ ಜಾಗ ಬೇಗ ಕೆಡುತ್ತದೆ, ಬೇಗ ಮಾಯುತ್ತದೆ. ಸ್ನಾಯು, ಮೂಳೆ, ಸಣ್ಣ ರಕ್ತನಾಳಗಳು ಹಾಗಲ್ಲ. ಪೆಟ್ಟು ಅವತ್ತೇ ಬಿದ್ದಿರುತ್ತದೆ, ಕಾಣಿಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ರಕ್ತದ ಓಡಾಟ ಕಡಿಮೆಯಾಗುತ್ತದೆ, ಮೆತ್ತಗಿದ್ದ ಕಡೆ ಗಟ್ಟಿ ನಾರು ಬೆಳೆಯುತ್ತದೆ. ಹಾಗಾಗಿ ತಾನಾಗೇ ಸರಿಹೋಗಲಿ ಎಂದು ಕಾಯಬೇಡಿ. ನಾನು ಎಂಟು ತಿಂಗಳು ಸುಮ್ನೆ ಕಾದೆ. ಅದರ ನಷ್ಟ ಇವತ್ತಿಗೂ ಪೂರ್ತಿ ತುಂಬಿಲ್ಲ.

ಮೊದಲು ದವಡೆ ನೋಡಿಕೊಳ್ಳಿ. ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಹಿಡಿಸುತ್ತವೆಯಾ ಪರೀಕ್ಷಿಸಿ. ಸ್ಕೇಲ್ ಹಿಡಿದು ಅಳೆದರೆ ಇನ್ನೂ ಒಳ್ಳೆಯದು. 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಡಾಕ್ಟರುಗಳು ಅದನ್ನು ಟ್ರಿಸ್ಮಸ್ ಅನ್ನುತ್ತಾರೆ. ನಾನು ಮೊದಲ ಸಲ ಅಳೆದಾಗ 24 ಇತ್ತು. ಚಮಚ ಓರೆ ಮಾಡಿ ಬಾಯಿಗೆ ಇಡುತ್ತಿದ್ದೆ, ಅದು ಅಭ್ಯಾಸವೇ ಆಗಿಹೋಗಿತ್ತು. ಫಿಸಿಯೋಥೆರಪಿಸ್ಟ್ ಚಪ್ಪಟೆ ಮರದ ಕಡ್ಡಿಗಳ ಕಟ್ಟು ಕೊಟ್ಟರು. ಹಿಡಿಸುವಷ್ಟು ಕಡ್ಡಿ ಹಲ್ಲುಗಳ ನಡುವೆ ಇಟ್ಟು 30 ಸೆಕೆಂಡ್ ತಡೆದುಕೊಳ್ಳಬೇಕು. ಐದು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಸ್ವಲ್ಪ ಸಡಿಲ ಅನ್ನಿಸಿದಾಗ ಇನ್ನೊಂದು ಕಡ್ಡಿ ತೂರಿಸಬೇಕು. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು. ಒಂದು ವರ್ಷದಲ್ಲಿ 33ಕ್ಕೆ ಬಂದೆ. ವಾರ ಬಿಟ್ಟರೆ ಮತ್ತೆ ಬಿಗಿಯುತ್ತದೆ, ಹಾಗಾಗಿ ಈಗಲೂ ಬಿಟ್ಟಿಲ್ಲ. ಕುತ್ತಿಗೆಗೂ ಇದೇ ಮಾತು. ಅದರ ವ್ಯಾಯಾಮವನ್ನು ಎಲ್ಲೋ ನೋಡಿ ಕಲಿಯುವುದಕ್ಕಿಂತ ಫಿಸಿಯೋ ಕೈಯಲ್ಲೇ ಹೇಳಿಸಿಕೊಳ್ಳಿ.

ಹಲ್ಲಿನ ವಿಷಯ ದಯವಿಟ್ಟು ಗಮನವಿಟ್ಟು ಓದಿ. ನನಗೆ ಕೆಳಗಿನ ದವಡೆ ಹಲ್ಲು ನೋವು ಬಂತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಹಿಂದಿನ ಚಿಕಿತ್ಸೆ ಬಗ್ಗೆ ಏನೂ ಕೇಳದೆ "ಕಿತ್ತುಬಿಡೋಣ" ಎಂದರು. ಇಂಜೆಕ್ಷನ್ ಕೊಡುವ ಮೊದಲು ನಾನೇ ರೇಡಿಯೇಷನ್ ಆಗಿದೆ ಎಂದೆ. ತಕ್ಷಣ ಕೈ ತಡೆದು, ನನ್ನ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿದರು. ಕೊನೆಗೆ ರೂಟ್ ಕೆನಾಲ್‌ನಲ್ಲೇ ಮುಗಿಯಿತು. ಜಾಸ್ತಿ ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹಲ್ಲು ಕಿತ್ತ ಗಾಯ ಮಾಯದೆ ಮೂಳೆಯೇ ಸಾಯುತ್ತಾ ಹೋಗುವ ಅಪಾಯ ಇರುತ್ತದೆ. ಈ ಅಪಾಯ ಎಷ್ಟೋ ವರ್ಷ ಆದ ಮೇಲೂ ಹೋಗುವುದಿಲ್ಲ. ಆದ್ದರಿಂದ ಎಷ್ಟು ಗ್ರೇ, ಯಾವ ಭಾಗಕ್ಕೆ, ಯಾವ ವರ್ಷ ಎಂಬ ಚೀಟಿ ಪರ್ಸ್‌ನಲ್ಲಿ ಇರಲಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ.

ಹಲ್ಲು ಬೇಗ ಹುಳುಕಾಗುವುದಕ್ಕೆ ಮುಖ್ಯ ಕಾರಣ ಬಾಯಿ ಒಣಗುವುದು. ಎಂಜಲು ಹಲ್ಲನ್ನು ಕಾಯುತ್ತದೆ, ನಮಗೆ ಅದೇ ಕಡಿಮೆ ಅಲ್ವಾ. ನೀರಿನ ಬಾಟಲಿ ಜೊತೆಗೇ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಫ್ಲೋರೈಡ್ ಜಾಸ್ತಿ ಇರುವ ಪೇಸ್ಟನ್ನು ದಂತವೈದ್ಯರು ಬರೆದುಕೊಡುತ್ತಾರೆ. ಸ್ವಲ್ಪವಾದರೂ ಎಂಜಲು ಬರುತ್ತಿದ್ದರೆ ಅದನ್ನು ಹೆಚ್ಚಿಸುವ ಪೈಲೋಕಾರ್ಪಿನ್ ಮಾತ್ರೆ ಇದೆ, ಆದರೆ ಆಸ್ತಮಾ, ಗ್ಲಾಕೋಮಾ (ಕಣ್ಣಿನ ಒಂದು ಕಾಯಿಲೆ) ಇದ್ದರೆ ಮೊದಲೇ ಹೇಳಬೇಕು.

ನಿಮ್ಮ ಸುಸ್ತಿನ ಬಗ್ಗೆ ನನಗೆ ಒಂದು ಅನುಮಾನ ಇದೆ. ನನಗೂ ಹಾಗೇ ಇತ್ತು. ಚಳಿ ಜಾಸ್ತಿ, ಮೈ ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ. ಎಲ್ಲರೂ ಮನಸ್ಸಿನ ಚಿಂತೆ ಅಂದರು, ನಾನೂ ನಂಬಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ತುಂಬಾ ಏರಿತ್ತು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನ್ ಅದು, ಗ್ರಂಥಿ ಮಂದವಾದರೆ ಏರುತ್ತದೆ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಮಂದವಾಗುವುದು ಬಹಳ ಸಾಮಾನ್ಯ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಎರಡು ತಿಂಗಳಲ್ಲಿ ನಾನು ಮತ್ತೆ ನಾನಾದೆ. ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ ಈ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ? ಎದೆಯಲ್ಲಿ ಪದೇ ಪದೇ ಕಫ ಕಟ್ಟುತ್ತದೆಯೇ? ಹಾಗಿದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಇದನ್ನು ನೋಡುತ್ತಾರೆ. ಕುಡಿದದ್ದು ಶ್ವಾಸಕೋಶಕ್ಕೆ ಇಳಿಯುತ್ತಿದ್ದರೂ ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಹೊಸ ಗಂಟು, ರಕ್ತ, ಮೂರು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯದೆ ಹೋಗಿ.

ಮನೆಯವರ ಮಾತು ಚುಚ್ಚುತ್ತದೆ, ಗೊತ್ತು. ಅವರೂ ಹೆದರಿ ದಣಿದಿದ್ದಾರೆ, ಮುಗಿಯಿತು ಎಂದು ನಂಬಬೇಕಿದೆ. ನಾನು ವಾದ ಮಾಡುವುದು ಬಿಟ್ಟು ಹೆಂಡತಿಯನ್ನು ಒಮ್ಮೆ ಚೆಕಪ್‌ಗೆ ಜೊತೆಯಲ್ಲಿ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿಂದ ಕೇಳಿದ ಮೇಲೆ ಮನೆಯಲ್ಲಿ ನನ್ನ ಊಟಕ್ಕೆ ಒಂದು ಗಂಟೆ ಹಿಡಿದರೂ ಯಾರೂ ಎದ್ದು ಹೋಗುವುದಿಲ್ಲ.

ಈ ವಾರವೇ ಟಿಎಸ್‌ಎಚ್ ಮಾಡಿಸಿ, ಬಾಯಿ ಅಳೆಯಿರಿ. ಎರಡೂ ಅಂಕಿಗಳನ್ನು ಇಲ್ಲಿ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.