ರಿಮೋಟ್ ಕಾರು, ಡ್ರೋನ್ ರಫ್ತು: ದೇಶ ಹುಡುಕುವ ಮುಂಚೆ ನಿಮ್ಮ ಸಾಮಾನು ಆಟಿಕೆಯೋ ಅಲ್ವೋ ನೋಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಎರಡು ಮಾದರಿ ತಯಾರಾಗಿವೆ ಅಂದಿರಿ. ಒಂದು 180 ಗ್ರಾಂ ತೂಗುವ, ಕ್ಯಾಮೆರಾ ಇರುವ, ಮೊಬೈಲ್ ಆ್ಯಪ್‌ನಿಂದ ಹಾರಿಸುವ ಪುಟ್ಟ ಡ್ರೋನ್. ಇನ್ನೊಂದು 1/16 ಸ್ಕೇಲ್‌ನ ರಿಮೋಟ್ ಕಾರು. ಮೊದಲು ಯಾವ ದೇಶಕ್ಕೆ ಹೋಗಬೇಕು, ಕೊಳ್ಳುವವರು ಎಲ್ಲಿ ಸಿಗುತ್ತಾರೆ, ಬ್ಯಾಟರಿ ಇರುವ ಸಾಮಾನು ಹೇಗೆ ಕಳಿಸಬೇಕು ಅಂತ ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ರಿಮೋಟ್ ಕಾರು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದೇನೆ. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಕಾರು ಮೊದಲು, ಡ್ರೋನ್ ಆಮೇಲೆ. ಕಾರನ್ನೂ ಬ್ಯಾಟರಿ ಇಲ್ಲದೆ ಕಳಿಸಿ.

ಯಾಕೆ ಅಂದರೆ, ಹೊರದೇಶದ ಕಾನೂನು ನಿಮ್ಮ ಸಾಮಾನನ್ನು ನೋಡಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಇದು ಆಟಿಕೆಯೋ, ದೊಡ್ಡವರ ಹವ್ಯಾಸದ ಸಾಮಾನೋ, ಹಾರುವ ವಿಮಾನವೋ? ಯುರೋಪಿನಲ್ಲಿ 14 ವರ್ಷದ ಒಳಗಿನ ಮಕ್ಕಳು ಆಡಲು ಮಾಡಿದ್ದೆಲ್ಲ ಆಟಿಕೆ. ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಡಿದ್ದು ಮಕ್ಕಳ ಸಾಮಾನು. ಆಟಿಕೆ ಅಂತಾದರೆ ಯುರೋಪಿಗೆ ಇಎನ್ 71, ಇಎನ್ 62115 ಅನ್ನುವ ಸುರಕ್ಷತಾ ಪರೀಕ್ಷೆ, ಅಮೆರಿಕಕ್ಕೆ ಎಎಸ್‌ಟಿಎಂ ಎಫ್963 ಪರೀಕ್ಷೆ ಮಾಡಿಸಬೇಕು. ಡಬ್ಬದ ಮೇಲೆ 14+ ಅಂತ ಅಚ್ಚು ಹಾಕಿದರೆ ತಪ್ಪಿಸಿಕೊಳ್ಳಬಹುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗಲ್ಲ. ಬಣ್ಣ, ಗಾತ್ರ, ಜಾಹೀರಾತು ಎಲ್ಲ ನೋಡಿ ಅಧಿಕಾರಿಗಳು ತಾವೇ ತೀರ್ಮಾನಿಸುತ್ತಾರೆ. ಕಾರ್ಟೂನ್ ಸ್ಟಿಕ್ಕರ್ ಅಂಟಿಸಿ 14+ ಅಂದರೆ ಯಾರೂ ನಂಬಲ್ಲ.

ಕಸ್ಟಮ್ಸ್‌ನಲ್ಲೂ ಇದೇ ಪ್ರಶ್ನೆ. ಅಲ್ಲಿ ಪ್ರತಿ ಬಗೆಯ ಸಾಮಾನಿಗೂ ಒಂದು ಸಂಖ್ಯೆ ಇರುತ್ತದೆ. ರಿಮೋಟ್ ಕಾರು ಆಟಿಕೆಗಳ 9503ರ ಕೆಳಗೆ ಬರುತ್ತದೆ. ಡ್ರೋನ್‌ಗೆ 2022ರಿಂದ 8806 ಅನ್ನುವ ಬೇರೆ ಶೀರ್ಷಿಕೆ ಇದೆ, ಅದರೊಳಗೆ ತೂಕದ ಮೇಲೆ ವಿಂಗಡಣೆ. ಬರೀ ಮೋಜಿಗೆ ಅಂತಲೇ ಮಾಡಿದ ಹಾರುವ ಆಟಿಕೆ ಮಾತ್ರ 9503ಕ್ಕೆ ಹೋಗುತ್ತದೆ. ನಿಮ್ಮದರಲ್ಲಿ ಕ್ಯಾಮೆರಾ ಇದೆ, ಅಲ್ವಾ? ಆಗ ಎರಡೂ ಕಡೆ ವಾದ ಮಾಡಬಹುದು. ಎರಡಕ್ಕೂ ಸುಂಕ ಬೇರೆ ಬೇರೆ ಇರಬಹುದು. ಹಾಗಾಗಿ ಅಲ್ಲಿನ ಕಸ್ಟಮ್ಸ್‌ನಿಂದ ಮುಂಚೆಯೇ ಇದು ಯಾವ ಸಂಖ್ಯೆಗೆ ಬರುತ್ತದೆ ಅನ್ನುವ ಲಿಖಿತ ತೀರ್ಮಾನ (ಅಡ್ವಾನ್ಸ್ ರೂಲಿಂಗ್) ತರಿಸಿಕೊಳ್ಳಲು ಆಮದುದಾರರಿಗೆ ಹೇಳಿ.

ಈಗ ಡ್ರೋನ್ ವಿಷಯ. 250 ಗ್ರಾಂ ಒಳಗಿದ್ದರೆ ಎಲ್ಲೂ ತೊಂದರೆ ಇಲ್ಲ ಅನ್ನುವ ಮಾತು ಗುಂಪಿನಲ್ಲಿ ಆಗಾಗ ಬರುತ್ತದೆ. ಅದು ಅರ್ಧ ಸತ್ಯ. ಜಪಾನಿನಲ್ಲಿ 2022ರ ಜೂನ್‌ನಿಂದ 100 ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಡ್ರೋನ್‌ಗೆ ನೋಂದಣಿ ಬೇಕು. ನಿಮ್ಮ 180 ಗ್ರಾಂ ಅಲ್ಲಿ ಸಿಕ್ಕಿಬೀಳುತ್ತದೆ. ಯುರೋಪಿನಲ್ಲಿ 2024ರ ಜನವರಿಯಿಂದ ಮಾರುಕಟ್ಟೆಗೆ ಬರುವ ಹೊಸ ಡ್ರೋನ್ ಮೇಲೆ ವರ್ಗದ ಗುರುತು ಇರಬೇಕು. 250 ಗ್ರಾಂ ಒಳಗಿನದು ಸಿ0. ಅದರ ವೇಗ ಸೆಕೆಂಡಿಗೆ 19 ಮೀಟರ್ ದಾಟಬಾರದು. ಕ್ಯಾಮೆರಾ ಇದ್ದರೆ ಹಾರಿಸುವವರು ನೋಂದಣಿ ಮಾಡಿಸಬೇಕು, ಆಟಿಕೆ ಅಂತ ಪಾಸಾಗಿದ್ದರೆ ಮಾತ್ರ ವಿನಾಯಿತಿ. ಇದರ ಜೊತೆಗೆ ಆ್ಯಪ್ ಮೂಲಕ ಇಂಟರ್‌ನೆಟ್‌ಗೆ ಸೇರುವ ರೇಡಿಯೊ ಸಾಮಾನಿಗೆ 2025ರ ಆಗಸ್ಟ್ 1ರಿಂದ ಸೈಬರ್ ಭದ್ರತೆಯ ನಿಯಮವೂ ಬಂದಿದೆ. ಎಲ್ಲ ಪೀಸ್‌ಗೂ ಒಂದೇ ವೈಫೈ ಪಾಸ್‌ವರ್ಡ್ ಹಾಕಿ ಕಳಿಸುವ ಕಾಲ ಮುಗಿಯಿತು.

ಅಮೆರಿಕ ಇನ್ನೂ ಕಷ್ಟ. 2025ರ ಡಿಸೆಂಬರ್‌ನಲ್ಲಿ ರೇಡಿಯೊ ಸಾಮಾನಿಗೆ ಅನುಮತಿ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿ, ಹೊರದೇಶದಲ್ಲಿ ತಯಾರಾದ ಡ್ರೋನ್‌ಗಳನ್ನೂ ಅವುಗಳ ಮುಖ್ಯ ಭಾಗಗಳನ್ನೂ ತನ್ನ ತಡೆಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವ ಹೊಸ ಮಾದರಿಗೆ ರೇಡಿಯೊ ಅನುಮತಿ ಸಿಗಲ್ಲ, ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಕೆಲವು ವಿನಾಯಿತಿ ಇವೆ, ಆದರೆ ಹೊಸದಾಗಿ ಶುರು ಮಾಡುವವರು ಅದನ್ನು ನಂಬಿ ಅಚ್ಚಿಗೆ ದುಡ್ಡು ಹಾಕಬೇಡಿ. ಇಷ್ಟು ದಿನ ಡ್ರೋನ್ ಮೇಲೆ ಕಷ್ಟಪಟ್ಟಿದ್ದೀರಿ, ಈ ಮಾತು ಬೇಸರ ತರುತ್ತದೆ ಅಂತ ಗೊತ್ತು. ಮಾದರಿ ಬಿಸಾಡಿ ಅಂತ ಹೇಳುತ್ತಿಲ್ಲ. ಕಾರಿನಿಂದ ಬಂದ ಹಣದಲ್ಲಿ ಅದಕ್ಕೆ ಸಿ0 ಮಾಡಿಸಿ, ಯುರೋಪಿಗೆ ಕಳಿಸಿ.

ಕಾರಿನಲ್ಲಿ ನಾನು ಎಡವಿದ್ದು ಟೈರ್‌ನಲ್ಲಿ. ಮೊದಲ ಮಾದರಿಯನ್ನು ಲ್ಯಾಬ್‌ಗೆ ಕೊಟ್ಟಾಗ ಮೋಟಾರು, ರಿಮೋಟು, ಬಾಡಿ ಎಲ್ಲ ಪಾಸಾಯಿತು. ಟೈರ್ ಫೇಲ್. ಮೆತ್ತಗಿರಲಿ, ಹಿಡಿತ ಚೆನ್ನಾಗಿರಲಿ ಅಂತ ಮೆದು ಪಿವಿಸಿ ಹಾಕಿದ್ದೆ. ಪಿವಿಸಿಯನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ. ಮಕ್ಕಳ ಆಟಿಕೆಯಲ್ಲಿ ಅಮೆರಿಕ ನಿಷೇಧಿಸಿರುವ 8 ಥ್ಯಾಲೇಟ್‌ಗಳು ತಲಾ ಶೇ. 0.1 ದಾಟಬಾರದು. ವರದಿ ಬಂದ ಮೇಲೆ ಟೈರನ್ನು ಮೂಗಿನ ಹತ್ತಿರ ಹಿಡಿದು ನೋಡಿದೆ. ಹೊಸ ಪ್ಲಾಸ್ಟಿಕ್ ಚಪ್ಪಲಿಯ ಥರ ಘಾಟು ವಾಸನೆ. ಪಕ್ಕದಲ್ಲಿದ್ದ ರಬ್ಬರ್ ಟೈರ್‌ಗೆ ಆ ವಾಸನೆ ಇರಲಿಲ್ಲ. ವಾಸನೆ ನೋಡಿ ಪಾಸು, ಫೇಲು ಹೇಳಲು ಆಗಲ್ಲ, ಆದರೆ ಅವತ್ತಿನಿಂದ ಮೆದು ಪ್ಲಾಸ್ಟಿಕ್ ಏನೇ ಬಂದರೂ ನಾನು ಮೊದಲು ಅದನ್ನಷ್ಟೇ ಪರೀಕ್ಷೆಗೆ ಕಳಿಸುತ್ತೇನೆ. ಪೂರ್ತಿ ಕಾರಿನ ಪರೀಕ್ಷೆಗಿಂತ ಟೈರ್, ವೈರ್ ಹೊದಿಕೆ, ಬಾಡಿಯ ಪೇಂಟ್ ಇಷ್ಟರ ಪರೀಕ್ಷೆಗೆ ಖರ್ಚು ಬಹಳ ಕಡಿಮೆ. ಬೆಸುಗೆಗೆ ಸೀಸ ಇಲ್ಲದ ತಂತಿ ಬಳಸಿ. ಮಾಮೂಲಿ 63/37 ಬೆಸುಗೆ ತಂತಿಯಲ್ಲಿ ಶೇ. 37 ಸೀಸವೇ ಇದೆ, ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ವಿಷಕಾರಿ ವಸ್ತು ತಡೆಯುವ ಯುರೋಪಿನ ರೋಹ್ಸ್ ನಿಯಮದ ಮಿತಿ ಶೇ. 0.1.

ರಿಮೋಟ್ ಸೇರಿಸಿ ಮಾರುವುದಾದರೆ ಅದಕ್ಕೆ ಆಗಲೇ ಅನುಮತಿ ಪಡೆದ 2.4 ಗಿಗಾಹರ್ಟ್ಸ್ ರೇಡಿಯೊ ಮಾಡ್ಯೂಲ್ ಕೊಳ್ಳಿ. ಅಮೆರಿಕದಲ್ಲಿ ಅದರ ಎಫ್‌ಸಿಸಿ ನಂಬರನ್ನೇ ಲೇಬಲ್ ಮೇಲೆ ತೋರಿಸಿದರೆ ರೇಡಿಯೊ ಪರೀಕ್ಷೆಯ ದೊಡ್ಡ ಪಾಲು ಉಳಿಯುತ್ತದೆ. ಆದರೆ ದೂರ ಜಾಸ್ತಿ ಬರಲಿ ಅಂತ ಅದರ ಆಂಟೆನಾ ಕಿತ್ತು ಬೇರೆ ಹಾಕಬೇಡಿ. ಆ ಅನುಮತಿ ನಿಮಗೆ ಸಲ್ಲಲ್ಲ. ಯುರೋಪಿನಲ್ಲಿ 2.4ಕ್ಕೆ ಹೊರಸೂಸುವ ಶಕ್ತಿಯ ಮಿತಿ 100 ಮಿಲಿವಾಟ್, ಕಾರಿಗೆ ಅದು ಧಾರಾಳ.

ಇನ್ನು ಬ್ಯಾಟರಿ. ಎಲ್ಲರೂ ಸೋಲುವ ಜಾಗ ಇದು. ಮೊದಲು ವ್ಯಾಟ್ ಅವರ್, ಅಂದರೆ ಬ್ಯಾಟರಿ ಹಿಡಿಯುವ ಶಕ್ತಿಯ ಲೆಕ್ಕ ಹಾಕಿ. 7.4 ವೋಲ್ಟ್, 1500 ಎಂಎಎಚ್ ಪ್ಯಾಕ್ ಅಂದರೆ 7.4 ಗುಣಿಸು 1.5, ಅಂದರೆ 11.1 ವ್ಯಾಟ್ ಅವರ್. 100 ದಾಟದಿದ್ದರೆ ನಿಯಮ ಸ್ವಲ್ಪ ಸಡಿಲ. ಬ್ಯಾಟರಿಯನ್ನೇ ಬಿಡಿಯಾಗಿ ಕಳಿಸಿದರೆ ಅದಕ್ಕೆ ಅಪಾಯಕಾರಿ ಸರಕಿನ ಸಂಖ್ಯೆ ಯುಎನ್ 3480. ಕಾರಿನ ಒಳಗೆ ಅಥವಾ ಕಾರಿನ ಜೊತೆ ಒಂದೇ ಡಬ್ಬದಲ್ಲಿ ಇಟ್ಟರೆ ಯುಎನ್ 3481. ಬಿಡಿ ಲಿಥಿಯಂ ಬ್ಯಾಟರಿ 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದ ಸರಕಿನಲ್ಲಿ ಹೋಗುವ ಹಾಗಿಲ್ಲ. ಸರಕು ವಿಮಾನದಲ್ಲೂ ಚಾರ್ಜ್ ಶೇ. 30 ಮೀರಬಾರದು.

ಬಿಡಿ ಬ್ಯಾಟರಿಗೂ ಕಾರಿನ ಜೊತೆಯ ಬ್ಯಾಟರಿಗೂ ಯುಎನ್ 38.3 ಅನ್ನುವ ಸಾಗಣೆ ಸುರಕ್ಷತಾ ಪರೀಕ್ಷೆಯ ಸಾರಾಂಶ ಬೇಕೇ ಬೇಕು. ನನ್ನ ಒಂದು ಸರಕು ಇದರಿಂದಲೇ ನಿಂತಿತು. ಕಾಗದ ಇತ್ತು, ಸಹಿ ಇತ್ತು. ಆದರೆ ಪ್ಯಾಕ್ ಮಾಡಿಕೊಡುವವರು ನನಗೆ ಹೇಳದೆ ಒಳಗಿನ ಸೆಲ್ ಬದಲಿಸಿದ್ದರು. ಸಾರಾಂಶದಲ್ಲಿದ್ದ ಮಾದರಿ ನಂಬರ್ ಒಂದು, ಪ್ಯಾಕ್‌ನ ನೀಲಿ ಹೊದಿಕೆ ಮೇಲೆ ಇದ್ದದ್ದು ಇನ್ನೊಂದು. ಕೊನೆಯ ಒಂದೇ ಅಕ್ಷರ ಬೇರೆ. ಸರಕು ವಾಪಸ್ ಬಂತು, ಹಬ್ಬದ ಸೀಸನ್ ಹೋಯಿತು. ಈಗ ಪ್ರತಿ ಲಾಟ್ ಬಂದಾಗ ಒಂದು ಪ್ಯಾಕ್ ತೆಗೆದು, ಕಾಗದ ಪಕ್ಕದಲ್ಲಿಟ್ಟು, ಅಕ್ಷರ ಅಕ್ಷರ ಓದುತ್ತೇನೆ. ನೀವೂ ಮಾಡಿ.

ಬ್ಯಾಟರಿ ಇಲ್ಲದೆ ಕಳಿಸಿ ಅಂದಿದ್ದು ಇದಕ್ಕೇ. ಹವ್ಯಾಸಿಗಳ ಮನೆಯಲ್ಲಿ ಬ್ಯಾಟರಿ, ಚಾರ್ಜರ್, ಎಷ್ಟೋ ಸಲ ರಿಮೋಟ್ ಕೂಡ ಇರುತ್ತದೆ. ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಚಕ್ರ ತಿರುಗಿಸುವ ಸರ್ವೊ ಕೂರಿಸಿ, ರಿಸೀವರ್ ಮತ್ತು ಬ್ಯಾಟರಿಯ ಜಾಗ ಖಾಲಿ ಬಿಟ್ಟು ಮಾರಿದರೆ ಲಿಥಿಯಂ ತಲೆನೋವೂ ಇಲ್ಲ, ರಿಮೋಟ್‌ನ ರೇಡಿಯೊ ಪರೀಕ್ಷೆಯೂ ಇಲ್ಲ. ಯುರೋಪಿಗೆ ಇಎಂಸಿ (ಬೇರೆ ಸಾಧನಗಳಿಗೆ ವಿದ್ಯುತ್ಕಾಂತೀಯ ಅಡ್ಡಿ ಆಗದಂತೆ ಇರುವ ನಿಯಮ) ಮತ್ತು ರೋಹ್ಸ್ ಮಾತ್ರ ಬಿಡಲ್ಲ. ಕನೆಕ್ಟರ್ ಎಕ್ಸ್‌ಟಿ60ಯಂಥ ಎಲ್ಲರ ಹತ್ತಿರ ಇರುವುದನ್ನೇ ಹಾಕಿ, ನಿಮ್ಮದೇ ಹೊಸ ಪ್ಲಗ್ ಬೇಡ.

ಕೊಳ್ಳುವವರ ಬಗ್ಗೆ. ಚೀನಾದ ಶಾಂಟೌ ನಗರದ ಚೆಂಗ್‌ಹೈನಲ್ಲಿ ಸಾಲು ಸಾಲು ಆಟಿಕೆ ಕಾರ್ಖಾನೆಗಳಿವೆ. ಬೆಲೆಯಲ್ಲಿ ಅವರ ಜೊತೆ ಗುದ್ದಾಡಿ ಗೆಲ್ಲಲು ಆಗಲ್ಲ. ನೀವು ಗೆಲ್ಲುವುದು ಬಿಡಿಭಾಗದಲ್ಲಿ. ಅಗ್ಗದ ಕಾರಿನ ಸರ್ವೊ ಗೇರ್ ಹಲ್ಲು ಮುರಿದರೆ ಕಾರೇ ಕಸಕ್ಕೆ. ನಿಮ್ಮ ಕಾರಿನ ಪ್ರತಿ ಭಾಗಕ್ಕೂ ಒಂದು ನಂಬರ್ ಕೊಡಿ, ಬಿಡಿಸಿಟ್ಟ ಹಾಗೆ ಚಿತ್ರ ಬರೆಸಿ, ಸ್ಕ್ರೂ ಅಳತೆ ಸಹಿತ. ಮೊದಲ ಆರ್ಡರ್ ಜೊತೆಗೇ ಗೇರ್, ಸಸ್ಪೆನ್ಶನ್ ತೋಳು, ಆಕ್ಸಲ್ ಇವನ್ನು ಮೊತ್ತದ ಹತ್ತನೇ ಒಂದು ಭಾಗದಷ್ಟು ಕಳಿಸಿ. ಹವ್ಯಾಸದ ಅಂಗಡಿಗಳಿಗೆ ಸಾಮಾನು ಹಂಚುವ ಚಿಕ್ಕ ಡಿಸ್ಟ್ರಿಬ್ಯೂಟರ್‌ಗಳು ಮೊದಲು ಇದನ್ನೇ ಕೇಳುತ್ತಾರೆ. ದೊಡ್ಡ ಚೈನ್ ಅಂಗಡಿಗಳ ಹಿಂದೆ ಈಗಲೇ ಹೋಗಬೇಡಿ, ವಾಪಸ್ ಬಂದ ಮಾಲಿನ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಹಾಂಗ್‌ಕಾಂಗ್ ಆಟಿಕೆ ಮೇಳ ಜನವರಿಯಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ಮೇಳ ಜನವರಿ ಕೊನೆ, ಫೆಬ್ರವರಿ ಆರಂಭದ ಹೊತ್ತಿಗೆ. ಕ್ರಿಸ್‌ಮಸ್ ಮಾಲಿನ ಮಾತು ಅಲ್ಲೇ ಶುರುವಾಗುತ್ತದೆ. ಹಡಗಿನಲ್ಲಿ ಕಳಿಸುವುದಾದರೆ ಜುಲೈ, ಆಗಸ್ಟ್‌ಗೆ ಮಾಲು ಹೊರಡಬೇಕು. ಮೊದಲ ವರ್ಷ ಸ್ಟಾಲ್ ಬೇಡ, ಟಿಕೆಟ್ ತಗೊಂಡು ಸುಮ್ನೆ ಸುತ್ತಿ ಬನ್ನಿ. ಬ್ಯಾಗ್‌ನಲ್ಲಿ ಎರಡು ಕಾರು ಇರಲಿ.

ಒಪ್ಪಂದದಲ್ಲಿ ಎರಡು ವಿಷಯ ಬಿಡಬೇಡಿ. ಬ್ರ್ಯಾಂಡ್ ಹೆಸರನ್ನು ಆ ದೇಶದಲ್ಲಿ ನೀವೇ ನೋಂದಾಯಿಸಿ, ಡಿಸ್ಟ್ರಿಬ್ಯೂಟರ್ ಹೆಸರಲ್ಲಿ ಬೇಡ. ಅವರೊಬ್ಬರಿಗೇ ಮಾರುವ ಹಕ್ಕು ಕೊಟ್ಟರೆ ಒಂದು ವರ್ಷಕ್ಕೆ, ಕನಿಷ್ಠ ಇಷ್ಟು ಪೀಸ್ ಅಂತ ಬರೆಸಿ. ಹಣ ಶೇ. 30 ಮುಂಗಡ, ಉಳಿದದ್ದು ಮಾಲು ಹೊರಡುವ ಮುಂಚೆ. ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಮಾತ್ರ ನಿಮ್ಮ ಹೊಣೆ ಇರುವ ಎಫ್‌ಒಬಿಗೆ ಒಪ್ಪಿ. ಅವರ ಬಾಗಿಲಿಗೆ ಸುಂಕ ಕಟ್ಟಿ ತಲುಪಿಸುವ ಡಿಡಿಪಿಗೆ ಈಗ ಬೇಡ. ಯುರೋಪಿಗಾದರೆ ಅಲ್ಲೇ ನೆಲೆಸಿರುವ ಒಬ್ಬ ಜವಾಬ್ದಾರರ ಹೆಸರು, ವಿಳಾಸ ಡಬ್ಬದ ಮೇಲೆ ಇರಬೇಕು. ಆಮದುದಾರರೇ ಆ ಜವಾಬ್ದಾರಿ ಹೊರಲಿ ಅಂತ ಮೊದಲೇ ಮಾತಾಡಿ.

ನಿಮ್ಮ ಟೈರ್ ರಬ್ಬರೋ ಪಿವಿಸಿಯೋ, ರಿಮೋಟ್ ಮಾಡ್ಯೂಲ್ ಯಾವುದು ಅಂತ ಇಲ್ಲೇ ಕೆಳಗೆ ಬರೆಯಿರಿ. ಕಾರು ಬಿಚ್ಚಿಟ್ಟ ಒಂದು ಫೋಟೋನೂ ಹಾಕಿ. ಪರೀಕ್ಷೆಗೆ ಮೊದಲು ಯಾವ ಭಾಗ ಕಳಿಸಬೇಕು ಅಂತ ನೋಡಿ ಹೇಳುತ್ತೇನೆ.